‘ಫಾಸ್ಟ್’ ಎಂಬ ಪದದ ಬಗ್ಗೆ ಪುಟ್ಟಿಗೆ

ಚಿರಂಜೀವಿ ಪುಟ್ಟಿಗೆ ನಿನ್ನ ಸೋದರತ್ತೆಯ ಆಶೀರ್ವಾದಗಳು.

ಅನುವಾದದ ಕರಡು ಓದಿದೆ. ವಾಕ್ಯಗಳು ಹದವಾಗಿ ಬರುತ್ತಿವೆ, ಸಂತೋಷ. ಆದರೆ ಸೀರೆಯ ಭಾಗದಲ್ಲಿ ಇಂಗ್ಲಿಷಿನ ‘ಫಾಸ್ಟ್ ಕಲರ್’ ಅನ್ನುವುದನ್ನು ‘ಬೇಗ ಹತ್ತುವ ಬಣ್ಣ’ ಅಂತ ಮಾಡಿದ್ದೀಯ. ಅದು ಬಿಡದ ಬಣ್ಣ, ಪಕ್ಕಾ ಬಣ್ಣ.

ಆ ಪದದ ಮೂಲ ಅರ್ಥವೇ ಗಟ್ಟಿ, ಬಿಗಿ, ಅಲುಗದ್ದು. ವೇಗ ಅನ್ನುವ ಅರ್ಥ ಆಮೇಲೆ ಸೇರಿತು. ‘ಬಲವಾಗಿ ಓಡು’ ಅನ್ನುತ್ತಾ ಅನ್ನುತ್ತಾ ‘ವೇಗವಾಗಿ ಓಡು’ ಆಯಿತು. ನಮ್ಮ ‘ಜೋರು’ ಪದವನ್ನೇ ನೋಡು. ಪಾರಸಿಯಲ್ಲಿ ಅದು ಬಲ. ನಾವು ‘ಜೋರಾಗಿ ಓಡು’ ಅಂದರೆ ವೇಗ, ‘ಜೋರಾಗಿ ಹೇಳು’ ಅಂದರೆ ದನಿ. ಹಾಗಾಗಿ ‘ಫಾಸ್ಟ್’ ಕಂಡಾಗ ಮೊದಲು ಪಕ್ಕದ ನಾಮಪದ ನೋಡು: ಅದು ಚಲಿಸುವ ವಸ್ತುವೋ, ಹಿಡಿದುಕೊಂಡಿರುವ ವಸ್ತುವೋ? ಬಸ್ಸಾದರೆ ವೇಗ. ಹಗ್ಗವಾದರೆ ಬಿಗಿದು ಕಟ್ಟಿದ್ದು. ಕೆಸರಲ್ಲಿ ಸಿಕ್ಕ ಚಕ್ರಕ್ಕೂ ಇದೇ ಪದ ಬರುತ್ತದೆ, ಅಲ್ಲಿ ‘ಹೂತುಹೋಗಿದೆ’ ಅನ್ನು. ನಿದ್ದೆಯಾದರೆ ಗಾಢ. ಗೆಳೆಯರ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ: ‘ಫಾಸ್ಟ್ ಫ್ರೆಂಡ್ಸ್’ ಅಂದರೆ ಬೇಗ ಸ್ನೇಹಿತರಾದವರಲ್ಲ, ಬಿಡಿಸಲಾಗದ ಸ್ನೇಹಿತರು. ಉಪವಾಸ ಅನ್ನುವ ಅರ್ಥದ ‘ಫಾಸ್ಟ್’ಗೂ ಇದೇ ಬೇರು, ವ್ರತವನ್ನು ಗಟ್ಟಿಯಾಗಿ ಹಿಡಿಯುವುದು.

ಬಣ್ಣದ ಭಾಗವನ್ನು ಮಾತ್ರ ನಿಧಾನವಾಗಿ ತಿದ್ದು. ಬಣ್ಣ ಸುಮ್ಮನೆ ‘ಗಟ್ಟಿ’ ಇರುವುದಿಲ್ಲ, ಯಾವುದರ ಮುಂದೆ ಗಟ್ಟಿ ಅಂತ ಹೇಳಬೇಕು: ಒಗೆತ, ಬಿಸಿಲು, ಉಜ್ಜುವಿಕೆ, ಬೆವರು. ಒಗೆತಕ್ಕೆ ನಿಲ್ಲುವ ಬಣ್ಣ ಬಿಸಿಲಿಗೆ ಮಾಸಬಹುದು. ಅಳತೆಗಳೂ ಬೇರೆ ಬೇರೆ. ಒಗೆತಕ್ಕೆ ಬೂದು ಪಟ್ಟಿಯ (ಬಣ್ಣ ಎಷ್ಟು ಬದಲಾಯಿತೆಂದು ಹೋಲಿಸಿ ನೋಡುವ ಬೂದು ಛಾಯೆಗಳ ಪಟ್ಟಿ) 1ರಿಂದ 5ರ ಅಳತೆ, 5 ಉತ್ತಮ. ಬೆಳಕಿಗೆ ನೀಲಿ ಉಣ್ಣೆಯ (ಬಟ್ಟೆಯ ಜೊತೆಗೇ ಬೆಳಕಿಗಿಟ್ಟು ಹೋಲಿಸುವ ನೀಲಿ ಬಣ್ಣದ ಉಣ್ಣೆ ತುಂಡುಗಳು) 1ರಿಂದ 8ರ ಅಳತೆ, 8 ಉತ್ತಮ. ನಿನ್ನ ಕರಡಿನಲ್ಲಿ ಬರೀ ‘ದರ್ಜೆ 4’ ಅಂತಿದೆ. ಒಗೆತದಲ್ಲಿ 4 ಅಂದರೆ ಒಳ್ಳೆಯ ಬಣ್ಣ, ಬೆಳಕಿನಲ್ಲಿ 4 ಅಂದರೆ ಸಾಧಾರಣ. ಅಳತೆಯ ಹೆಸರಿಲ್ಲದಿದ್ದರೆ ಓದುವವರಿಗೆ ಏನೂ ಗೊತ್ತಾಗುವುದಿಲ್ಲ. ನಿನಗೇ ಪರೀಕ್ಷಿಸಬೇಕೆನಿಸಿದರೆ ಒದ್ದೆ ಮಾಡಿದ ಬಿಳಿ ಹತ್ತಿ ಬಟ್ಟೆಯಿಂದ ಸೆರಗಿನ ಒಳಮಗ್ಗುಲನ್ನು ಹತ್ತು ಸಲ ಒತ್ತಿ ಉಜ್ಜು, ಕಲೆ ಹತ್ತಿದರೆ ಅದು ಬಿಡುವ ಬಣ್ಣ. ಹತ್ತಿ ಬಟ್ಟೆಯನ್ನು ವಿನೆಗರ್‌ನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅನ್ನುವ ಸಾಲನ್ನು ತೆಗೆದುಹಾಕು, ಅದು ನಿಜವಲ್ಲ.

ಮುಂದೆ ವೈದ್ಯಕೀಯ ಬರಹ ಬಂದಾಗ ‘ಆಸಿಡ್ ಫಾಸ್ಟ್’ ಸಿಗುತ್ತದೆ. ಕ್ಷಯದ ಬ್ಯಾಕ್ಟೀರಿಯಾಕ್ಕೆ ಕೆಂಪು ಬಣ್ಣ ಕೊಟ್ಟು, ಆಮ್ಲ ಬೆರೆತ ಆಲ್ಕೋಹಾಲಿನಿಂದ ತೊಳೆದರೂ ಕೆಂಪು ಹೋಗುವುದಿಲ್ಲ, ಅದರ ಕೋಶಭಿತ್ತಿಯ ಮೇಣದಂಥ ಮೈಕೋಲಿಕ್ ಆಮ್ಲ ಬಣ್ಣವನ್ನು ಬಿಟ್ಟುಕೊಡದು. ಆಮೇಲೆ ನೀಲಿ ಹಾಕಿದರೆ ಉಳಿದದ್ದೆಲ್ಲ ನೀಲಿ, ಇದೊಂದು ಕೆಂಪು. ಸೀರೆಯ ಪಕ್ಕಾ ಬಣ್ಣದ ಮಾತೇ ಇಲ್ಲೂ. ‘ಆಮ್ಲಕ್ಕೂ ಬಣ್ಣ ಬಿಡದ’ ಅಂತ ಬರೆ.

ಕ್ಯಾಮೆರಾದಲ್ಲಿ ‘ಫಾಸ್ಟ್ ಲೆನ್ಸ್’ ಓಡುವುದೂ ಇಲ್ಲ, ಹಿಡಿಯುವುದೂ ಇಲ್ಲ. ಬೆಳಕನ್ನು ಹೆಚ್ಚು ಒಳಬಿಡುತ್ತದೆ. ಎಫ್ ಅನ್ನುವುದು ಬೆಳಕು ಬರುವ ಕಿಂಡಿಯ ಅಳತೆ, ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಎಫ್ 1.4ರ ಲೆನ್ಸ್ ಎಫ್ 2.8ರ ನಾಲ್ಕರಷ್ಟು ಬೆಳಕು ಕೊಡುವುದರಿಂದ ಶಟರ್ 1/50ರ ಬದಲು 1/200 ಸೆಕೆಂಡ್‌ಗೆ ಮುಚ್ಚಬಹುದು, ಆ ಬೇಗವೇ ಹೆಸರಿಗೆ ಕಾರಣ. ಗಡಿಯಾರದಲ್ಲಿ ಎಚ್ಚರ: ‘ಐದು ನಿಮಿಷ ಫಾಸ್ಟ್’ ಅಂದರೆ ಈಗ ಐದು ನಿಮಿಷ ಮುಂದಿದೆ ಅಷ್ಟೆ. ದಿನಕ್ಕೆ ಐದು ನಿಮಿಷ ಮುಂದೆ ಹೋಗುತ್ತಿದೆ ಅನ್ನುವುದು ಬೇರೆ ಮಾತು. ಮುಳ್ಳನ್ನು ತಿರುಗಿಸಿದರೆ ಮೊದಲನೆಯದು ಸರಿಹೋಗುತ್ತದೆ, ಎರಡನೆಯದಕ್ಕೆ ಗಡಿಯಾರದ ಓಟವನ್ನೇ ಸರಿಪಡಿಸಬೇಕು.

ಒಗೆತ, ಬೆಳಕು ಎರಡರ ದರ್ಜೆಯನ್ನೂ ಬೇರೆ ಬೇರೆಯಾಗಿ ಬರೆದ ಕರಡು ಬರುವ ವಾರ ಕಳಿಸು. ನಿನ್ನ ಅಪ್ಪ ಅಮ್ಮನಿಗೆ ನಾನು ಕೇಳಿದೆ ಅಂತ ಹೇಳು.

ಇಂತಿ,
ನಿನ್ನ ಸೋದರತ್ತೆ