ಕಾನು ಬೇರೆ, ಅಕೇಶಿಯಾ ಬೇರೆ: ನಮ್ಮ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರಿಗೆ,

ನಮಸ್ಕಾರ. ನಾನು ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರ. ತೋಟವೇ ನಮ್ಮ ಮನೆಯ ಅನ್ನ. ಹಾಗಾಗಿ ಸರ್ಕಾರದ ಕಾಡಿನ ಲೆಕ್ಕದ ಬಗೆಗಿನ ಈ ಪತ್ರವನ್ನು ತೋಟದವರ ಮೇಲಿನ ದೂರು ಅಂದುಕೊಳ್ಳಬೇಡಿ.

ಹೋದ ತಿಂಗಳು ಮಗಳು ಲ್ಯಾಪ್‌ಟಾಪಿನಲ್ಲಿ ನಮ್ಮೂರಿನ ಎರಡು ಉಪಗ್ರಹ ಚಿತ್ರ ತೋರಿಸಿದಳು. ಒಂದು 1990ರ ಸುಮಾರಿನ ಬೇಸಿಗೆಯದು, ಅಮೆರಿಕದ ಲ್ಯಾಂಡ್‌ಸ್ಯಾಟ್ ತೆಗೆದದ್ದು. ಇನ್ನೊಂದು ಈಚಿನದು, ಯುರೋಪಿನ ಸೆಂಟಿನೆಲ್-2ರದ್ದು. ಎರಡೂ ಪುಕ್ಕಟೆ ಸಿಗುತ್ತವೆ. ಹಳೆಯದರಲ್ಲಿ ಊರ ಹಿಂದಿನ ಕಾನು, ಅಂದರೆ ತಾನಾಗಿ ಬೆಳೆದ ಸದಾ ಹಸಿರಿನ ಕಾಡು, ಕೆರೆ ಏರಿಯವರೆಗೂ ಒಂದೇ ಕಪ್ಪುಹಸಿರು. ಹೊಸದರಲ್ಲಿ ತುಂಡು ತುಂಡು. ಚಿಕ್ಕವನಿದ್ದಾಗ ಮಳೆಗಾಲದಲ್ಲಿ ಅಪ್ಪನ ಜೊತೆ ಉಪ್ಪಾಗೆ ಹಣ್ಣು ಆರಿಸಿದ ಜಾಗ ಹುಡುಕಿದೆ. ಅಲ್ಲೀಗ ನೆಟ್ಟು ಬೆಳೆಸಿದ ಅಕೇಶಿಯಾ ಮರಗಳು ನಿಂತಿವೆ.

ಆದರೆ ಸರ್ಕಾರದ ಲೆಕ್ಕದಲ್ಲಿ ಅಲ್ಲಿ ಏನೂ ಕಳೆದಿಲ್ಲ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣೆ 1987ರಿಂದ ಸುಮಾರು ಎರಡು ವರ್ಷಕ್ಕೊಮ್ಮೆ ಅರಣ್ಯ ವರದಿ ಕೊಡುತ್ತಿದೆ. ಒಂದು ಹೆಕ್ಟೇರು ಜಾಗದಲ್ಲಿ ಮರದ ನೆರಳು ನೂರಕ್ಕೆ 10 ಪಾಲು ನೆಲ ಮುಚ್ಚಿದರೆ ಸಾಕು, ಅದು ಅರಣ್ಯ ಹೊದಿಕೆ. ಜಾಗ ಯಾರದ್ದು, ಮರ ಯಾವುದು ಅಂತ ಕೇಳುವುದಿಲ್ಲ. ಕಾಫಿ ತೋಟ, ನೆಡುತೋಪು, ಕಾನು ಎಲ್ಲ ಒಂದೇ ಮೂಟೆಗೆ.

ಮೇಲಿಂದ ನೋಡಿದರೆ ಎಲ್ಲವೂ ಹಸಿರೇ ಅಲ್ವಾ, ಬೇರೆ ಮಾಡುವುದು ಹೇಗೆ ಅನ್ನಬಹುದು. ಒಂದು ದಿನದ ಚಿತ್ರದಿಂದ ಕಷ್ಟ, ನಿಜ. ವರ್ಷ ವರ್ಷದ ಚಿತ್ರಗಳನ್ನು ಸಾಲಾಗಿ ಇಡಿ. ಕಾನು ಯಾವ ವರ್ಷವೂ ಬೋಳಾಗುವುದಿಲ್ಲ. ಕಾನು ಕಡಿದು ನೆಟ್ಟ ಅಕೇಶಿಯಾದ ಜಾಗ ಒಮ್ಮೆಯಾದರೂ ಬೋಳಾಗಿಯೇ ಇರುತ್ತದೆ. ಆ ಬೋಳು ವರ್ಷ ಎದ್ದು ಕಾಣುತ್ತದೆ. 1972ರಿಂದ ಈಚಿನ ಲ್ಯಾಂಡ್‌ಸ್ಯಾಟ್ ಚಿತ್ರಗಳು 2008ರಿಂದ ಎಲ್ಲರಿಗೂ ಮುಕ್ತವಾಗಿವೆ. ಮಲೆನಾಡಿನ ಮಳೆಗಾಲದ ಮೋಡಕ್ಕೂ ದಾರಿ ಇದೆ. ಇಸ್ರೋ ಮತ್ತು ನಾಸಾ 2025ರ ಜುಲೈನಲ್ಲಿ ಹಾರಿಸಿದ ನೈಸಾರ್ ಉಪಗ್ರಹದ ರೇಡಾರ್ ಮೋಡದ ಆಚೆಯಿಂದಲೂ ನೆಲ ನೋಡುತ್ತದೆ.

ಬ್ರೆಜಿಲ್‌ನ ಬಾಹ್ಯಾಕಾಶ ಸಂಸ್ಥೆ 1988ರಿಂದ ಪ್ರತಿ ವರ್ಷ ಅಮೆಜಾನಿನಲ್ಲಿ ಕಡಿದ ಕಾಡನ್ನು ಅಳೆಯುತ್ತಿದೆ. ಅಲ್ಲಿ ಒಮ್ಮೆ ಕಡಿದ ಮೂಲ ಕಾಡಿನ ಜಾಗ ಮತ್ತೆ ಹಸಿರಾದರೂ ಮೂಲ ಕಾಡಿನ ಲೆಕ್ಕಕ್ಕೆ ಬರುವುದಿಲ್ಲ. ನಕ್ಷೆಯನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. 2004ರಲ್ಲಿ 27 ಸಾವಿರ ಚದರ ಕಿಲೋಮೀಟರ್ ದಾಟಿದ್ದ ವರ್ಷದ ಕಾಡುನಾಶ 2012ಕ್ಕೆ 4,600ರ ಆಸುಪಾಸಿಗೆ ಇಳಿಯಿತು. ಬರೀ ನಕ್ಷೆಯಿಂದ ಅಲ್ಲ. ಆದರೆ ಕೊಡಲಿ ಎಲ್ಲಿ ಬಿತ್ತು ಅಂತ ಗೊತ್ತಿದ್ದಕ್ಕೇ ಕಾನೂನು ಅಲ್ಲಿಗೆ ತಲುಪಿತು.

ಮುಂದಿನ ಅಧಿವೇಶನದಲ್ಲಿ ಪರಿಸರ ಸಚಿವರನ್ನು ತಾವು ಇಷ್ಟು ಕೇಳಿ: ಅರಣ್ಯ ಹೊದಿಕೆಯ ಲೆಕ್ಕದಲ್ಲಿ ಸಹಜ ಕಾಡನ್ನೂ ನೆಟ್ಟ ಮರಗಳನ್ನೂ ಯಾವಾಗ ಬೇರೆ ಬೇರೆ ತೋರಿಸುತ್ತೀರಿ? ತಾಲ್ಲೂಕುವಾರು ನಕ್ಷೆಯನ್ನು ಜನರ ಕೈಗೆ ಯಾವಾಗ ಕೊಡುತ್ತೀರಿ?

ಊರ ಕಡೆ ಬಂದಾಗ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಲ್ಯಾಪ್‌ಟಾಪ್ ತರುತ್ತೇನೆ. ಆಮೇಲೆ ಉಪ್ಪಾಗೆ ಇದ್ದ ಜಾಗಕ್ಕೂ ನಡೆದು ಹೋಗಿ ಬರೋಣ.

ಇತಿ,
ಸಾಗರ ತಾಲ್ಲೂಕಿನ ಒಬ್ಬ ಮತದಾರ