ಅವ್ವ, ನೂರಾ ಒಂದು ರೊಟ್ಟಿ ನನ್ನ ಕೈಲಿ ಆಗುವುದಿಲ್ಲ

॥ ಶ್ರೀ ಗವಿಸಿದ್ಧೇಶ್ವರ ಪ್ರಸನ್ನ ॥

ಲೀಡ್ಸ್, ಇಂಗ್ಲೆಂಡ್
ನವೆಂಬರ್ 21, ಶುಕ್ರವಾರ

ಪ್ರೀತಿಯ ಅವ್ವನಿಗೆ ನಿನ್ನ ದೊಡ್ಡ ಮಗಳ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ ಅಂತ ಬರೆಯಬೇಕು. ನಿನ್ನ ಅಳಿಯ ಕ್ಷೇಮ, ಮೊಮ್ಮಗ ಕ್ಷೇಮ. ನಾನೂ ಕ್ಷೇಮ ಅಂದರೆ ಅದು ಅರ್ಧ ಸುಳ್ಳಾಗುತ್ತದೆ. ಉಳಿದರ್ಧ ಹೇಳುವುದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಲು ಹೋದರೆ ನೀನು ಅಳುತ್ತೀ, ನಾನು "ಏನಿಲ್ಲ ಬಿಡವ್ವ" ಅಂತ ಮಾತು ತೇಲಿಸುತ್ತೇನೆ. ಮೂರು ವರ್ಷದಿಂದ ಇದೇ ಆಗಿದೆ.

ಈ ಸಲ ಜಾತ್ರೆಗೆ ಬಂದಾಗ ನನ್ನ ಕೈಯಿಂದಲೇ ನೂರಾ ಒಂದು ರೊಟ್ಟಿ ಮಾಡಿಸಿ ಕೊಪ್ಪಳದ ಗವಿಮಠದ ದಾಸೋಹಕ್ಕೆ ಕೊಡುತ್ತೇನೆ ಅಂತ ಹರಕೆ ಹೊತ್ತಿದ್ದೀಯಂತೆ. ಹೋದ ವಾರ ನೀನು ಅದನ್ನು ಎಷ್ಟು ಖುಷಿಯಿಂದ ಹೇಳಿದೆ! ನಾನು ಹೂಂ ಅಂದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಅವ್ವ, ನೂರಾ ಒಂದು ಆಗುವುದಿಲ್ಲ. ಹತ್ತು ಆಗುವುದೂ ಅನುಮಾನ. ನಾನು ರೊಟ್ಟಿ ಬಡಿದು ಮೂರು ವರ್ಷವಾಯಿತು. ನೀನು ಕಳಿಸಿದ ಕಟಕ ರೊಟ್ಟಿ ಮುಗಿದ ಮೇಲೆ ಅಂಗಡಿಯ ಚಪಾತಿ ಪ್ಯಾಕೆಟ್ಟೇ ನಮಗೆ ಗತಿ. ಅದನ್ನೂ ನಿನ್ನಿಂದ ಮುಚ್ಚಿಟ್ಟಿದ್ದೆ.

ಚಳಿಗೆ ಕೈ ಹಿಡಿದುಕೊಳ್ಳುತ್ತದೆ ಅನ್ನುತ್ತಿದ್ದೆನಲ್ಲ, ಅದು ಚಳಿ ಅಲ್ಲ. ರುಮಟಾಯ್ಡ್ ಆರ್ಥ್ರೈಟಿಸ್ ಅಂತ ಹೆಸರು. ನಮ್ಮ ಕಡೆ ಯಾವ ಕೀಲು ನೋವಿಗೂ ವಾಯು ಅನ್ನುತ್ತಾರೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ವಯಸ್ಸಾದವರ ಮೊಣಕಾಲು ಸವೆಯುತ್ತದಲ್ಲ, ಅದು ಬೇರೆ. ಇದರಲ್ಲಿ ಹೊರಗಿನ ರೋಗದ ಜೊತೆ ಬಡಿದಾಡಬೇಕಾದ ಮೈಯ ಶಕ್ತಿ ದಿಕ್ಕು ತಪ್ಪಿ ನಮ್ಮ ಕೀಲಿನ ಒಳಪದರದ ಮೇಲೇ ಬೀಳುತ್ತದೆ. ಪದರ ಊದುತ್ತದೆ. ಹಾಗೇ ಬಿಟ್ಟರೆ ಎಲುಬನ್ನೂ ತಿನ್ನುತ್ತದೆ. ಬೆರಳು, ಮಣಿಕಟ್ಟು, ಪಾದದ ಸಣ್ಣ ಕೀಲುಗಳಿಗೇ ಸಾಮಾನ್ಯವಾಗಿ ಮೊದಲು ಬರುತ್ತದೆ, ಎಡಕ್ಕೂ ಬಲಕ್ಕೂ ಒಟ್ಟಿಗೆ. ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಜಾಸ್ತಿ. ಹಿಟ್ಟು ನಾದುವಾಗ ಮಣಿಕಟ್ಟು, ರೊಟ್ಟಿ ಬಡಿಯುವಾಗ ಬೆರಳಿನ ಬುಡ. ನೋಡು, ಸರಿಯಾಗಿ ಅವನ್ನೇ ಹುಡುಕಿಕೊಂಡು ಬಂದಿದೆ.

ನಮ್ಮ ಆಯಿ ಅಜ್ಜಿಯ ಕೈ ನೆನಪಿದೆಯಾ? ಬೆರಳೆಲ್ಲ ಕಿರುಬೆರಳಿನ ಕಡೆ ವಾಲಿದ್ದವು. ಕುಪ್ಪಸದ ಗುಂಡಿ ನಾನೇ ಹಾಕಬೇಕಿತ್ತು. ಬೆಳಗ್ಗೆ ಒಲೆ ಮುಂದೆ ತಾಸುಗಟ್ಟಲೆ ಕೂತು ಕೈ ಕಾಯಿಸುತ್ತಿದ್ದಳು. ಕೆಲಸ ತಪ್ಪಿಸಿಕೊಳ್ಳುತ್ತಾಳೆ ಅಂತ ಮನೆಯವರೆಲ್ಲ ಆಡಿಕೊಂಡರು. ನಾವು ಹುಡುಗರೂ ನಕ್ಕೆವು. ಆಕೆಗೂ ಇದೇ ಇತ್ತೋ ಏನೋ, ಈಗ ಯಾರನ್ನು ಕೇಳುವುದು. ಆದರೆ ಬೆಳಗ್ಗೆ ಬಿಸಿನೀರಿನ ಬೋಗುಣಿಯಲ್ಲಿ ಕೈ ಮುಳುಗಿಸಿ ಕೂತಾಗೆಲ್ಲ ಆಯಿ ಪಕ್ಕದಲ್ಲೇ ಕೂತಂತಾಗುತ್ತದೆ.

ಇವತ್ತಿಗೆ ಸಾಕು. ಪೆನ್ನಿಗೆ ಸ್ಪಂಜಿನ ಕೊಳವೆ ತೊಡಿಸಿ ಬರೆಯುತ್ತಿದ್ದೇನೆ. ದಪ್ಪ ಇದ್ದರೆ ಬೆರಳು ಬಿಗಿ ಹಿಡಿಯಬೇಕಿಲ್ಲ. 20 ನಿಮಿಷಕ್ಕೆ ಅಲಾರಾಂ ಇಟ್ಟಿದ್ದೆ, ಹೊಡೆಯಿತು. ಇವತ್ತು ಶುಕ್ರವಾರ ಬೇರೆ, ಗುಳಿಗೆಯ ದಿನ.

ಭಾನುವಾರ

ನಿನ್ನೆ ಬರೆಯಲಾಗಲಿಲ್ಲ. ಶುಕ್ರವಾರ ರಾತ್ರಿ ಈ ರೋಗದ ಗುಳಿಗೆ ಮೆಥೋಟ್ರೆಕ್ಸೇಟ್ ನುಂಗಿದರೆ ಶನಿವಾರ ಹೊಟ್ಟೆ ತೊಳಸು, ತಲೆ ಭಾರ. ರಾತ್ರಿ ತಗೊಂಡರೆ ಅರ್ಧ ತೊಳಸು ನಿದ್ದೆಯಲ್ಲೇ ಹೋಗುತ್ತದೆ ಅಂತ ನರ್ಸ್ ಹೇಳಿಕೊಟ್ಟರು. ವಾರಕ್ಕೆ ಒಂದೇ ಸಲ, ಪ್ರತಿ ವಾರವೂ ಅದೇ ದಿನ. ಅಪ್ಪ ಬಿಪಿ ಗುಳಿಗೆ ನುಂಗುವ ಹಾಗೆ ದಿನಾ ನುಂಗಿದರೆ ಜೀವಕ್ಕೇ ಕುತ್ತು. ಅದರ ಅಡ್ಡಪರಿಣಾಮ ತಗ್ಗಲಿ ಅಂತ ಸೋಮವಾರ ಫೋಲಿಕ್ ಆಸಿಡ್ ಗುಳಿಗೆ. ಕೆಲವು ತಿಂಗಳಿಗೊಮ್ಮೆ ರಕ್ತ ಕೊಟ್ಟು ಲಿವರ್, ಕಿಡ್ನಿ, ರಕ್ತಕಣ ನೋಡಿಸಬೇಕು. ಶುರು ಮಾಡಿದ ಮೇಲೆ ಗುಣ ಕಾಣುವುದಕ್ಕೆ ಎರಡು ಮೂರು ತಿಂಗಳು ಹಿಡಿಯಿತು. ಅಷ್ಟು ದಿನ ಕಾಯುವುದೇ ಕಷ್ಟ. ಎರಡನೇ ಮಗು ಯಾವಾಗ ಅಂತ ಕೇಳುತ್ತಿರುತ್ತೀ. ಈ ಗುಳಿಗೆ ನಡೆಯುವಾಗ ಬಸಿರಾಗಬಾರದು. ಬೇಕಾದರೆ ಡಾಕ್ಟರಿಗೆ ಹೇಳಿ ಮೊದಲೇ ನಿಲ್ಲಿಸಿ ಬೇರೆ ಔಷಧಕ್ಕೆ ಹೋಗಬೇಕು. ಸದ್ಯ ನಾವಿಬ್ಬರೂ ಒಂದೇ ಸಾಕು ಅಂದುಕೊಂಡಿದ್ದೇವೆ. ಅತ್ತೆಗೆ ನಾನೇ ಹೇಳುತ್ತೇನೆ, ನೀನು ಬಾಯಿ ಬಿಡಬೇಡ.

ಹೋದ ವರ್ಷ ಒಂದು ತಪ್ಪು ಮಾಡಿದೆ. ಮೈ ಹಗುರಾಗಿತ್ತು, ಊತ ಇಳಿದಿತ್ತು. ವಾಸಿಯಾಯಿತು ಅಂತ ನಾನೇ ತೀರ್ಮಾನ ಮಾಡಿ ಎರಡು ತಿಂಗಳು ಗುಳಿಗೆ ಬಿಟ್ಟೆ. ನಿನ್ನ ಅಳಿಯನಿಗೂ ಹೇಳಲಿಲ್ಲ. ಒಂದು ಬೆಳಗ್ಗೆ ಏಳುವಾಗ ಮೈಮೇಲಿನ ಕೌದಿ ಸರಿಸಲು ಆಗಲಿಲ್ಲ. ನೀನೇ ಹೊಲಿದ ಕೌದಿ! ಅದೇ ವಾರ ಸಾರಿನ ಪಾತ್ರೆ ಕೈಜಾರಿ ಬಿತ್ತು. ಪುಣ್ಯಕ್ಕೆ ಮಗ ಹತ್ತಿರ ಇರಲಿಲ್ಲ. ಮತ್ತೆ ಹತೋಟಿಗೆ ಬರಲು ಆರು ತಿಂಗಳು ಬೇಕಾಯಿತು. ಮೈ ಹಗುರಾಗಿದ್ದದ್ದು ಗುಳಿಗೆಯಿಂದ, ರೋಗ ಹೋಗಿ ಅಲ್ಲ.

ಈ ಕಾಯಿಲೆಯಲ್ಲಿ ಕೆಟ್ಟ ದಿನ ಮೋಸ ಮಾಡುವುದಿಲ್ಲ. ಅವತ್ತು ಸುಮ್ನೆ ಮಲಗುತ್ತೀವಿ. ಮೋಸ ಮಾಡುವುದು ಒಳ್ಳೆಯ ದಿನ. ಕೈ ಆಡುತ್ತಿದೆ ಅಂತ ಬಚ್ಚಲು ತಿಕ್ಕು, ಬಟ್ಟೆ ಹಿಂಡು, ಒಂದು ಕಿಲೋ ಈರುಳ್ಳಿ ಹೆಚ್ಚು. ಮರುದಿನ, ಅದರ ಮರುದಿನ ಏಳಲಾಗುವುದಿಲ್ಲ. ಅದಕ್ಕೇ ಅಲಾರಾಂ. ನೋವು ಶುರುವಾದ ಮೇಲೆ ಕೂರುವುದಲ್ಲ, ಶುರುವಾಗುವ ಮೊದಲೇ ಕೂರಬೇಕು. ನನಗೆ ಅತಿ ಕಷ್ಟವಾದದ್ದು ಇದೇ. ಕೂತು ಉಣ್ಣುವವರಿಗೆ ಕುಡಿಕೆ ಹೊನ್ನು ಸಾಲದು ಅಂತ ಕೇಳಿಕೊಂಡೇ ಬೆಳೆದೆವು, ಅಲ್ವಾ? ಕೈ ಚೆನ್ನಾಗಿರುವಾಗ ಹೆಂಗಸು ಕುರ್ಚಿಯಲ್ಲಿ ಕೂತಿದ್ದರೆ ಈಗಲೂ ನನಗೆ ನಿನ್ನ ದನಿ ಕೇಳಿಸುತ್ತದೆ. ಬೈಯುತ್ತಿಲ್ಲ, ಇದ್ದದ್ದು ಹೇಳಿದೆ.

ಹಾಗಂತ ದಿನವಿಡೀ ಕೂರುವುದೂ ಇಲ್ಲ. ದಿನಾ ಅರ್ಧ ತಾಸು ನಡೆಯುತ್ತೇನೆ. ಬೆರಳನ್ನು ಬಿಸಿನೀರಲ್ಲೇ ಮಡಚಿ ಬಿಚ್ಚುತ್ತೇನೆ. ಸಂತೆಚೀಲ ಬೆರಳಿಗೆ ಸಿಕ್ಕಿಸದೆ ತೋಳಿಗೆ ಹಾಕಬೇಕು, ಭಾರ ದೊಡ್ಡ ಕೀಲಿಗೆ ಹೋಗಬೇಕು ಅಂತ ಇಲ್ಲಿ ಒಬ್ಬರು ಚಿತ್ರ ಬರೆದು ತೋರಿಸಿದರು. ನನಗೆ ನಗು ಬಂತು. ನೀನು ನೀರಿನ ಕೊಡ ಸೊಂಟದ ಮೇಲೆ ಇಟ್ಟುಕೊಂಡು ಬರುತ್ತಿದ್ದೆಯಲ್ಲ, ಅದೇ ಪಾಠ.

ಬದನೆಕಾಯಿ ವಾಯು ಅಂತ ಆಯಿಗೆ ಬಿಡಿಸಿದ್ದಿರಿ. ನಾನು ಡಾಕ್ಟರನ್ನು ಕೇಳಿದೆ. ತಿಂದಾಗ ನೋವು ಏರುವುದು ಕಂಡರೆ ಬಿಡಿ, ಇಲ್ಲದಿದ್ದರೆ ಬಿಡಬೇಕಿಲ್ಲ ಅಂದರು. ನನಗೇನೂ ಏರಲಿಲ್ಲ. ಜನವರಿಯಲ್ಲಿ ಎಣ್ಣೆಗಾಯಿ ಮಾಡಿಡು, ಶೇಂಗಾ ಹಿಂಡಿಯನ್ನೂ. ಆದರೆ ಎದುರು ಮನೆಯವರು ಹೇಳಿದ ಬೇರಿನ ಪುಡಿ ಬೇಡ. ಹೆಸರಿಲ್ಲದ ಇಂಥ ಕೆಲವು ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಪರೀಕ್ಷೆಯಲ್ಲಿ ಸಿಕ್ಕಿದೆ. ಮೂರೇ ದಿನದಲ್ಲಿ ಹಾರಾಡುವಂತಾಗುತ್ತದೆ, ಆಮೇಲೆ ಎಲುಬು ಟೊಳ್ಳು, ಸಕ್ಕರೆ ಏರು.

ಮಂಗಳವಾರ

ಈ ಪುಟ ತಂಗಿಯ ಸಲುವಾಗಿ. ಹೆರಿಗೆಯಾಗಿ ಮೂರು ತಿಂಗಳಾಯಿತು, ಬೆಳಗ್ಗೆ ಕೈಬೆರಳು ಮಡಚಲು ಹತ್ತು ಗಂಟೆಯಾಗುತ್ತದೆ ಅಂತ ಅವಳೇ ನನಗೆ ಹೇಳಿದಳು. ಬಾಣಂತಿ ವಾಯು, ತಾನೇ ಹೋಗುತ್ತದೆ ಅಂದೆಯಂತೆ. ಇರಬಹುದು, ಹೋಗಲೂಬಹುದು. ಆದರೆ ಹೆರಿಗೆಯ ನಂತರದ ತಿಂಗಳುಗಳಲ್ಲಿ ಇದು ಮೊದಲ ಸಲ ಕಾಣಿಸಿಕೊಳ್ಳುವುದುಂಟು, ಮನೆತನದಲ್ಲಿ ಒಬ್ಬರಿಗಿದ್ದರೆ ಇನ್ನೊಬ್ಬರಿಗೆ ಬರುವ ಸಾಧ್ಯತೆಯೂ ಸ್ವಲ್ಪ ಜಾಸ್ತಿ. ನನಗೆ ಶುರುವಾದಾಗ ಮೊದಲ ಡಾಕ್ಟರ್ ಕಂಪ್ಯೂಟರ್ ಕೆಲಸದ ದಣಿವು ಅಂದು ಕಳಿಸಿದರು, ಐದು ತಿಂಗಳು ಹಾಳಾಯಿತು. ಬಲಗೈ ಮಣಿಕಟ್ಟು ಆಗ ಕೆಟ್ಟದ್ದು ಹಾಗೇ ಇದೆ.

ತಮ್ಮನಿಗೆ ಹೇಳು, ಅವಳನ್ನು ಇಂಥ ಕೀಲುರೋಗ ನೋಡುವ ರುಮಟಾಲಜಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿ. ಹತ್ತಿರ ಸಿಗದಿದ್ದರೆ ಹುಬ್ಬಳ್ಳಿ ಇದೆ, ರೈಲಿಗೆ ಎರಡು ಎರಡೂವರೆ ತಾಸು. ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ, ಇಎಸ್‌ಆರ್, ಸಿಆರ್‌ಪಿ ಅಂತ ರಕ್ತ ಪರೀಕ್ಷೆ ಮಾಡುತ್ತಾರೆ. ರಕ್ತದಲ್ಲಿ ಏನೂ ಸಿಗದೆಯೂ ರೋಗ ಇರುತ್ತದೆ, ಅದಕ್ಕೆ ಡಾಕ್ಟರ್ ಕೈ ಮುಟ್ಟಿ ನೋಡಲೇಬೇಕು. ಮಗುವಿಗೆ ಹಾಲು ಕುಡಿಸುತ್ತಿದ್ದೇನೆ ಅಂತ ಅವಳು ಮೊದಲೇ ಹೇಳಲಿ. ನನ್ನ ಗುಳಿಗೆಯ ಹೆಸರು ಈ ಪತ್ರದಲ್ಲಿದೆ ಅಂತ ಔಷಧದಂಗಡಿಯಲ್ಲಿ ತಂದು ಕೊಟ್ಟುಬಿಟ್ಟೀರಿ! ಹಾಲುಣಿಸುವವರಿಗೆ ಅದು ಸಲ್ಲದು.

ಹಾಂ, ಹೋದ ಸಲ ಅಂಜನಾದ್ರಿಗೆ ಹೋದಾಗ ಎಲ್ಲರ ಚಪ್ಪಲಿ ಕಾಯುತ್ತೇನೆ ಅಂತ ಕೆಳಗೇ ಕೂತೆನಲ್ಲ. 575 ಮೆಟ್ಟಿಲು ನೋಡಿಯೇ ಪಾದ ಚುರ್ರ್ ಅಂದಿತ್ತು. ಭಕ್ತಿ ಕಡಿಮೆಯಾಯಿತು ಅಂತ ಅಪ್ಪ ಎರಡು ದಿನ ಮಾತಾಡಲಿಲ್ಲ. ಈಗ ಹೇಳು.

ಹರಕೆ ತಪ್ಪಿಸುವುದು ಬೇಡ. ಓಣಿಯವರು ಹೇಗೂ ಕೂಡಿ ರೊಟ್ಟಿಗೆ ಕೂರುತ್ತೀರಿ. ಗ್ಯಾಸನ್ನು ಕಟ್ಟೆ ಮೇಲೆ ಇಡು, ಪಕ್ಕದಲ್ಲಿ ಒಂದು ಎತ್ತರದ ಕುರ್ಚಿ. ನೀವು ಬಡಿಯಿರಿ, ಹಂಚಿನ ಮೇಲೆ ನೀರು ಸವರುವುದು, ತಿರುವುವುದು ನನ್ನದು. ಹಿಟ್ಟು ತಮ್ಮ ನಾದಲಿ, ಅವನ ಕೈಗೇನಾಗಿದೆ? ನೂರು ನೀವೆಲ್ಲ ಮಾಡಿ. ನೂರಾ ಒಂದನೆಯದು ನಾನು ಬಡಿಯುತ್ತೇನೆ. ದುಂಡಗೆ ಬರದಿದ್ದರೆ ನಗಬಾರದು. ಮಠಕ್ಕೆ ಬರುವ ಲಕ್ಷಗಟ್ಟಲೆ ರೊಟ್ಟಿಯಲ್ಲಿ ಅದು ಯಾರಿಗೆ ಕಾಣುತ್ತದೆ.

ನನ್ನ ಗುಳಿಗೆಯಿಂದ ಸೋಂಕು ಬೇಗ ತಗುಲುತ್ತದೆ, ಅದಕ್ಕೆ ತೇರಿನ ಗದ್ದಲಕ್ಕೆ ಮಾಸ್ಕ್ ಹಾಕಿಕೊಂಡು ದೂರ ನಿಲ್ಲುತ್ತೇನೆ. ಫ್ಲೂ ಸೂಜಿ ಆಗಿದೆ. ಬೆಂಗಳೂರಿಂದ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಕೆಳಗಿನ ಬರ್ತೇ ತಗೊಳ್ಳಲು ತಮ್ಮನಿಗೆ ಹೇಳು. ಬಚ್ಚಲಲ್ಲಿ ತಾಮ್ರದ ಚರಿಗೆ ಬೇಡ, ಹಿಡಿಕೆ ಇರುವ ಪ್ಲಾಸ್ಟಿಕ್ ಮಗ್ಗು ಇಡು. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯಲು ಇಲ್ಲಿ ಒಂದು ರಬ್ಬರ್ ಸಿಗುತ್ತದೆ, ಎರಡು ತರುತ್ತೇನೆ. ಒಂದು ನಿನಗೆ, ಒಂದು ತಂಗಿಗೆ.

ಅಲಾರಾಂ ಹೊಡೆಯಿತು.

ನಿನ್ನ ಮಗಳು