ಹೆಸರು ಹೇಳದೆ ಹೋದವರಿಗೆ, ವಿರಾಜಪೇಟೆಯಿಂದ

ನಮ್ಮ ಹವಾಲ್ದಾರ್ ಅಜ್ಜನ ಸ್ಮರಣೆಯ ದಿನ ಬೆಳಿಗ್ಗೆಯೇ ಬಂದು ಅವರ ಪದಕಗಳನ್ನು ಸರಿಪಡಿಸಿಕೊಟ್ಟವರೇ, ನಿಮಗೆ ನಮ್ಮೆಲ್ಲರ ಕೃತಜ್ಞತೆ.

ಮೊದಲು 1971ರ ಯುದ್ಧದ ಪಶ್ಚಿಮಿ ಸ್ಟಾರ್, ಆಮೇಲೆ ಸಂಗ್ರಾಮ್ ಮೆಡಲ್, ಕೊನೆಗೆ ಸೈನ್ಯ ಸೇವಾ ಮೆಡಲ್. ಹಿರಿಯದು ಎದೆಯ ನಡುವಿನ ಕಡೆಗೆ ಬರುವಂತೆ ಜೋಡಿಸಿದಿರಿ. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದ ರಿಬ್ಬನ್ ತೆಗೆದು 32 ಮಿ.ಮೀ. ಅಗಲದ ಹೊಸದನ್ನು ಹಾಕಿದಿರಿ. ಹಿತ್ತಾಳೆ ಪಾಲಿಶ್ ಹಚ್ಚಲು ಹೊರಟವರನ್ನು ತಡೆದದ್ದಂತೂ ದೊಡ್ಡ ಉಪಕಾರ. ಅದರಲ್ಲಿರುವ ಉಜ್ಜುವ ಪುಡಿ, ಅಂಚಿನಲ್ಲಿ ಅಚ್ಚೊತ್ತಿದ ನಂಬರು, ಹೆಸರುಗಳನ್ನೇ ಸವೆಸಿಬಿಡುತ್ತದೆ. ಒಣಗಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿದ್ದೇ ಸಾಕಾಯಿತು.

ಅಜ್ಜನ ಗಾಳದ ದಾರ ಸುತ್ತುವ ರೀಲನ್ನೂ ಬಿಡಲಿಲ್ಲ ನೀವು. ಗಟ್ಟಿಯಾದ ಗ್ರೀಸನ್ನು ಸೀಮೆಎಣ್ಣೆ, ಹಳೇ ಟೂತ್‌ಬ್ರಷ್‌ನಿಂದ ಬಿಡಿಸಿ, ಬೇರಿಂಗಿಗೆ ಒಂದೊಂದೇ ಹನಿ ಎಣ್ಣೆ ಬಿಟ್ಟಿರಿ. ದಾರದ ಓಟಕ್ಕೆ ಬ್ರೇಕಿನಂತಿರುವ ಡ್ರ್ಯಾಗನ್ನು ಬಿಗಿದೇ ಇಟ್ಟರೆ ಒಳಗಿನ ವಾಷರ್ ಚಪ್ಪಟೆಯಾಗಿ, ಮೀನು ಎಳೆದಾಗ ದಾರ ತಡೆತಡೆದು ಓಡುತ್ತದೆ ಎಂದು ಸಡಿಲಿಸಿಟ್ಟಿರಿ.

ಅವರ ಗಾಳಗಳ ಹಿಮ್ಮುಳ್ಳುಗಳೆಲ್ಲ ಇಕ್ಕಳದಲ್ಲಿ ಒತ್ತಿ ಮಡಚಿದ್ದವು, ಕಾವೇರಿಯ ದೊಡ್ಡ ಮೀನು ಮಹಶೀರನ್ನು ಹೆಚ್ಚು ಗಾಯವಾಗದಂತೆ ನೀರಿಗೆ ಮರಳಿಸಲು. ಅದನ್ನು ಗಮನಿಸಿದವರು ನೀವೊಬ್ಬರೇ.

ಎಲ್ಲವೂ ಈಗ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಜಿನ ಪೆಟ್ಟಿಗೆಯಲ್ಲಿವೆ. ಈ ಕಡೆ ಬಂದಾಗ ಮನೆಗೆ ಬನ್ನಿ.